ಹೇಳಿಕೊಂಡ ದಯೆ

ಸುರೇಶನ ಮನೆಯ ಎದುರು ಕಾರು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೂ ಪ್ರಮೀಳಾ ಇಳಿಯಲಿಲ್ಲ. ಇಳಿಯಬೇಕೆಂದುಕೊಂಡು ಸೀಟ್ ಬೆಲ್ಟ್ ತೆಗೆದಳು; ಏನೋ ಮರೆತವಳ ಹಾಗೆ ಮತ್ತೆ ಹಾಕಿಕೊಂಡಳು. ನಿಂತ ಕಾರಿನಲ್ಲಿ ಬೆಲ್ಟ್ ಬಿಗಿದುಕೊಂಡು ಕೂತ ಐವತ್ತೆರಡು ವರ್ಷದ ಹೆಂಗಸು, ನೋಡಿದವರು ಏನಂದಾರು. ಎದುರು ಮನೆಯಾತ ಹುಲ್ಲು ಕತ್ತರಿಸುವ ಮಷೀನನ್ನು ಗ್ಯಾರೇಜಿನಿಂದ ಹೊರಗೆಳೆದು, ಆಕಾಶ ನೋಡಿ, ಮತ್ತೆ ಒಳಗೆ ತಳ್ಳಿ, ಅವಳ ಕಡೆ ಕೈ ಬೀಸಿದ. ಅವಳೂ ಬೀಸಿದಳು, ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ನಗುತ್ತಾ. ಬರುವ ದಾರಿಯಲ್ಲಿ ಅಂಗಡಿಗೆ ನುಗ್ಗಿ ಹಳದಿ ಹೂವಿನ ಗೊಂಚಲೊಂದನ್ನು ಎತ್ತಿಕೊಂಡು, ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಅದನ್ನು ಅಲ್ಲೇ ಬಿಟ್ಟು ಬಂದಿದ್ದಳು. ಹೂವು ಹಿಡಿದು ಹೋಗಿ ಕ್ಷಮೆ ಕೇಳುವುದೂ ಯಾರೋ ನೋಡಲಿ ಎಂದು ಮಾಡಿದ ಹಾಗೆ ಕಾಣುತ್ತದೆ. ಥೂ, ಯಾರು ನೋಡುತ್ತಾರೆ? ಎಲ್ಲವನ್ನೂ ಯಾರೋ ನೋಡುತ್ತಿದ್ದಾರೆ ಎಂಬಂತೆ ಮಾಡುವ ಚಾಳಿ ತನಗೆ ಯಾವಾಗ ಅಂಟಿತು ಎಂದು ಅವಳು ನಾಲ್ಕು ದಿನದಿಂದ ಯೋಚಿಸುತ್ತಿದ್ದಳು.

ಬಂದದ್ದು ಒಂದೇ ಮಾತಿಗೆ. ತಪ್ಪಾಯಿತಮ್ಮ, ಹೊಟ್ಟೆಗೆ ಹಾಕಿಕೊಳ್ಳಿ. ಅಷ್ಟು ಹೇಳಿ ಹೊರಟುಬಿಡಬೇಕು. ಕ್ಯಾನ್ಯನ್ ಪಾರ್ಕಿನ ತನ್ನ ಅಪಾರ್ಟ್‌ಮೆಂಟಿನಿಂದ ವುಡಿನ್‌ವಿಲ್‌ವರೆಗಿನ ದಾರಿಯುದ್ದಕ್ಕೂ ಅದನ್ನು ಹತ್ತಾರು ಸಲ ಹೇಳಿ ನೋಡಿಕೊಂಡಿದ್ದಳು. ಪ್ರತಿ ಸಲವೂ ಹಿಂದೆಯೇ ಒಂದು ‘ಆದರೆ’ ಬಂದು ನಿಲ್ಲುತ್ತಿತ್ತು. ತಪ್ಪಾಯಿತು, ಆದರೆ ನಾನು ಹೆಸರು ಹೇಳಲಿಲ್ಲ. ತಪ್ಪಾಯಿತು, ಆದರೆ ಅದನ್ನು ವಿಡಿಯೋ ಮಾಡುತ್ತಾರೆಂದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೇ? ಚರ್ಚಿನ ಬಾಲ್ಕನಿಯ ಕಟಕಟೆಗೆ ಕ್ಯಾಮೆರಾ ಬಿಗಿದಿರುವುದನ್ನು ಆರು ವರ್ಷದಿಂದ ಭಾನುವಾರ ಭಾನುವಾರ ನೋಡುತ್ತಿದ್ದಾಳೆ. ಮತ್ತೆ ಆವತ್ತು ಮದುವೆಗೆ ಹೊರಟವಳ ಹಾಗೆ ಕೆಂಪಂಚಿನ ಮೈಸೂರು ಸಿಲ್ಕ್ ಉಟ್ಟುಕೊಂಡು ಹೋದದ್ದು ಯಾತಕ್ಕೆ?

ಈಸ್ಟರಿಗೆ ಮುಂಚಿನ ಲೆಂಟ್‌ನ ನಲವತ್ತು ದಿನಕ್ಕೆ ಈ ವರ್ಷ ಉಪವಾಸದ ಬದಲು ದಯೆಯ ಅಭ್ಯಾಸ ಎಂದು ಅವಳ ಚರ್ಚಿನಲ್ಲಿ ಗೊತ್ತು ಮಾಡಿದ್ದರು. ಒಬ್ಬೊಬ್ಬರೂ ತಮಗೆ ಸಂಬಂಧವಿಲ್ಲದ ಒಬ್ಬರನ್ನು ಆರಿಸಿಕೊಂಡು, ಬದಲಿಗೆ ಏನನ್ನೂ ಬಯಸದೆ ಅವರಿಗೆ ಒಳ್ಳೆಯದು ಮಾಡಬೇಕು. ಕೊನೆಗೆ ಮೂವರು ಎದ್ದು ನಿಂತು ಸಾಕ್ಷಿ ಹೇಳಬೇಕು. ಸಾಕ್ಷಿ ಹೇಳುವುದು ಅವಳಿಗೆ ಹೊಸದಲ್ಲ. ತುಮಕೂರಿನ ಅವರ ಸಭೆಯಲ್ಲಿ ಹೊಸವರ್ಷದ ಹಿಂದಿನ ರಾತ್ರಿ ಒಬ್ಬೊಬ್ಬರಾಗಿ ಎದ್ದು, ಜ್ವರ ಬಿಟ್ಟಿತು, ಮಗನಿಗೆ ಕೆಲಸವಾಯಿತು, ದೇವರಿಗೆ ಸ್ತೋತ್ರ ಎಂದು ಕೂರುತ್ತಿದ್ದರು. ಅಲ್ಲಿ ತನಗಾದ ಉಪಕಾರ ಹೇಳುತ್ತಿದ್ದರು. ಇಲ್ಲಿ ತಾನು ಮಾಡಿದ ಉಪಕಾರ ಹೇಳಬೇಕಿತ್ತು. ಆ ವ್ಯತ್ಯಾಸ ಅವಳಿಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಹೇಳದೆ ಇರುತ್ತಿದ್ದಳು ಎಂದು ಈಗ ಎದೆ ಮುಟ್ಟಿ ಹೇಳಲಾರಳು. ಗಂಡ ಹೋದ ಮೇಲೆ ಅವಳ ಮಾತನ್ನು ಐದು ನಿಮಿಷ ಎಡೆಬಿಡದೆ ಕೇಳಿದವರು ಯಾರಿದ್ದರು? ಪಾಸ್ಟರಮ್ಮ ಮೂವರನ್ನು ಆರಿಸುವಾಗ ಇವಳ ಕಡೆ ನೋಡಿದಾಗ ಎದೆ ಹಿಗ್ಗಿದ್ದು ನಿಜ.

ಅವಳು ಆರಿಸಿಕೊಂಡಿದ್ದು ಚಿಕ್ಕತಾಯಮ್ಮನನ್ನು. ಸುರೇಶನ ತಾಯಿ, ಮಳವಳ್ಳಿ ಕಡೆಯವರು, ಎಪ್ಪತ್ತೊಂದು ವರ್ಷ. ಸಂಕ್ರಾಂತಿಯ ಊಟದಲ್ಲಿ ಪಕ್ಕದಲ್ಲಿ ಕೂತಿದ್ದಾಗ, ಇಲ್ಲಿ ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ಲ ಕಣವ್ವ, ಮೊಮ್ಮಗಳು ಕೂಡ ಇಂಗ್ಲಿಷಲ್ಲೇ ಅಳ್ತದೆ ಎಂದಿದ್ದರು. ಪ್ರಮೀಳಾಗೆ ಲ್ಯಾಬಿನಲ್ಲಿ ವಾರಕ್ಕೆ ನಾಲ್ಕು ದಿನ ಹತ್ತು ಹತ್ತು ಗಂಟೆ ಕೆಲಸ, ಬುಧವಾರ ರಜೆ. ಬುಧವಾರ ನಾನು ಕರೆದುಕೊಂಡು ಹೋಗುತ್ತೇನೆ ಎಂದಳು. ಸುರೇಶ ತಲೆ ಕೆರೆದುಕೊಂಡು, ತಪ್ಪು ತಿಳಿಯಬೇಡಿ ಅಕ್ಕ, ಚರ್ಚಿಗೇನೂ ಅಲ್ವಲ್ಲ ಎಂದು ಕೇಳಿದ್ದ. ಹೆಸರು ಕೇಳಿದರೆ ಗೊತ್ತಾಗುವುದಿಲ್ಲ, ಅವಳು ಕ್ರೈಸ್ತಳೆಂದು ಅವನಿಗೆ ಅಷ್ಟರಲ್ಲಿ ಯಾರೋ ಹೇಳಿದ್ದರು. ಅವಳಿಗೆ ಮುಖಕ್ಕೆ ಹೊಡೆದ ಹಾಗಾಗಿತ್ತು. ಹೊಡೆತ ತಿಂದೂ ನಗುತ್ತಾ, ಮಾಲ್‌ಗೆ ಸುರೇಶ್, ಬರೀ ಮಾಲ್‌ಗೆ ಎಂದಿದ್ದಳು. ಹಾಗೆ ನಗಲು ಸಾಧ್ಯವಾದದ್ದು ತನ್ನ ದಯೆಯ ಲಕ್ಷಣವೆಂದು ಆ ದಿನ ಮನೆಗೆ ಹೋಗಿ ಅಂದುಕೊಂಡದ್ದೂ ನೆನಪಿದೆ. ಯಾವ ಆಸೆಯೂ ಇಲ್ಲದೆ ಮಾಡುತ್ತಿದ್ದೇನೆ ಎಂಬ ಒಂದು ಆಸೆಯನ್ನು ಅವಳು ಜೋಪಾನವಾಗಿ ಸಾಕಿಕೊಂಡಿದ್ದಳು.

ಟಕ್ವಿಲಾದ ಮಾಲ್ ದೂರವೇ. ಆದರೆ ಮಳೆ ಹಿಡಿದ ದಿನ ಒಳಗೊಳಗೇ ಒಂದು ಮೈಲಿ ನಡೆಯಬಹುದು, ಬೆಚ್ಚಗಿರುತ್ತದೆ. ಸೀರೆಯ ಮೇಲೆ ಮಗನ ಜಾಕೆಟ್, ಕಾಲಿಗೆ ಮೊಮ್ಮಗಳ ಗುಲಾಬಿ ಸಾಕ್ಸು ಹಾಕಿಕೊಂಡು ಚಿಕ್ಕತಾಯಮ್ಮ ನಡೆಯುವಾಗ ಅಂಗಡಿಯ ಬೊಂಬೆಗಳನ್ನೆಲ್ಲ ಮಾತಾಡಿಸುತ್ತಿದ್ದರು. ಇವಳ್ಗೆ ತಲೇನೆ ಇಲ್ಲ ಕಣವ್ವ, ಬಟ್ಟೆಗೇನ್ ಕಮ್ಮಿ ಇಲ್ಲ. ಪ್ರಮೀಳಾ ನಗುತ್ತಿದ್ದಳು, ನಿಜವಾಗಿ ನಗುತ್ತಿದ್ದಳು. ಆ ನಗುವನ್ನು ಈಗ ಸುಳ್ಳೆನ್ನಲು ಬಾರದು, ಅದೇ ಸಂಕಟ. ಎಲ್ಲವೂ ಬೂಟಾಟಿಕೆಯಾಗಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು. ಅಂಥದೊಂದು ಬುಧವಾರ, ಬೂಟು ವಾಪಸ್ಸು ಮಾಡಿ ಐದು ನಿಮಿಷದಲ್ಲಿ ಬರುತ್ತೇನೆ ಎಂದು ಅವರನ್ನು ಬೆಂಚಿನ ಮೇಲೆ ಕೂರಿಸಿ ಹೋದಳು. ಸಾಲು ಉದ್ದವಿತ್ತು, ಇಪ್ಪತ್ತೈದು ನಿಮಿಷವಾಯಿತು. ಬಂದಾಗ ಬೆಂಚು ಖಾಲಿ. ಚಿಕ್ಕತಾಯಮ್ಮ ಟಾಯ್ಲೆಟ್ಟಿನ ಪಕ್ಕದ ಕಂಬಕ್ಕೆ ಒರಗಿ, ಜಾಕೆಟ್ಟನ್ನು ಸೊಂಟಕ್ಕೆ ಕಟ್ಟಿಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಹೆಂಗಸರದು ಯಾವ ಬಾಗಿಲು ಎಂದು ಯಾರನ್ನು ಕೇಳಲಿ ಎಂದರು. ತಳ್ಳಿದ ಮೊದಲ ಬಾಗಿಲಿನಿಂದ ಒಬ್ಬ ಗಂಡಸು ಹೊರಗೆ ಬಂದನಂತೆ. ಆಮೇಲೆ ಇನ್ನೊಂದನ್ನು ತಳ್ಳುವ ಧೈರ್ಯವಾಗಲಿಲ್ಲವಂತೆ.

ಅವಳು ಅವರನ್ನು ಒಳಗೆ ಕರೆದೊಯ್ದು, ಅಗಲವಾದ ಕೋಣೆಯೊಂದರ ಚಿಲಕ ಹಾಕಿ, ಸೀರೆ ಬಿಚ್ಚಲು ನೆರವಾದಳು. ಸಾಕ್ಸು ತೊಯ್ದಿತ್ತು. ಮಂಡಿಯೂರಿ ಸಾಕ್ಸು ತೆಗೆದು, ಬಿಸಿನೀರಿನಲ್ಲಿ ಅದ್ದಿದ ಪೇಪರಿನಿಂದ ಕಾಲು ಒರೆಸಿದಳು. ಚಿಕ್ಕತಾಯಮ್ಮ ಅವಳ ತಲೆಯ ಮೇಲೆ ಕೈಯೂರಿ ನಿಂತಿದ್ದರು. ಬ್ಯಾಡ ಬುಡವ್ವ, ನನ್ ಕಾಲ ಮುಟ್ಟಬ್ಯಾಡ ಎಂದು ಅಳುತ್ತಿದ್ದರು. ಆಗಲೇ, ಸರಿಯಾಗಿ ಆ ಗಳಿಗೆಯಲ್ಲೇ, ಪ್ರಮೀಳಾಳ ತಲೆಯಲ್ಲಿ ಇಂಗ್ಲಿಷಿನಲ್ಲಿ ಒಂದು ವಾಕ್ಯ ಹುಟ್ಟಿತು. ನಾನು ಮಂಡಿಯೂರಿ ಅವರ ಪಾದ ತೊಳೆದೆ ಎಂಬ ವಾಕ್ಯ. ಅದರ ಹಿಂದೆಯೇ ಅದನ್ನು ಎಲ್ಲಿ ನಿಲ್ಲಿಸಿ ಹೇಳಬೇಕು, ಹೇಳಿ ಎಷ್ಟು ಹೊತ್ತು ಸುಮ್ಮನಿರಬೇಕು ಎನ್ನುವುದೂ ಹೊಳೆಯಿತು. ಕೈ ಒದ್ದೆ ಕಾಲನ್ನು ಒರೆಸುತ್ತಿತ್ತು, ತಲೆ ಆಗಲೇ ಮೈಕಿನ ಮುಂದೆ ನಿಂತಿತ್ತು. ಇದನ್ನು ಅವಳು ಯಾರಿಗೂ ಹೇಳಿಲ್ಲ. ಹೇಳಬೇಕಾಗಿದ್ದ ಸಾಕ್ಷಿ ಅದೊಂದೇ ಇರಬಹುದು.

ಹತ್ತಿರದ ಅಂಗಡಿಯಿಂದ ಕಪ್ಪು ಪ್ಯಾಂಟು ತಂದುಕೊಟ್ಟಳು. ಜೀವಮಾನದಲ್ಲಿ ಮೊದಲ ಸಲ ಪ್ಯಾಂಟು ತೊಟ್ಟ ಚಿಕ್ಕತಾಯಮ್ಮ ಕಾರಿನಲ್ಲಿ ತಮ್ಮ ಕಾಲುಗಳನ್ನೇ ನೋಡಿಕೊಳ್ಳುತ್ತಾ, ನಮ್ಮೆಜಮಾನ್ರು ಇದ್ದಿದ್ರೆ ನನ್ನ ಪಟೇಲ್ರು ಅಂದ್ಕಂಡು ಕೈ ಮುಗೀತಿದ್ರು ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮನೆಯ ತಿರುವು ಬಂದಾಗ ನಗು ನಿಂತಿತು. ಸೀರೆಗೆ ಕಾಫಿ ಚೆಲ್ಲಿತು ಎಂದು ಹೇಳುವುದೆಂದು ಇಬ್ಬರೂ ಗೊತ್ತು ಮಾಡಿಕೊಂಡರು. ಆಮೇಲೆ ಅವರು ಅವಳ ಕೈ ಹಿಡಿದುಕೊಂಡರು.

“ನನ್ ಮಗುಂಗೆ ಯೋಳ್ಬ್ಯಾಡ ಕಣವ್ವ. ಸೊಸೆ ಒಳ್ಳೇಳೇ, ಆದ್ರೂ ಗೊತ್ತಾದ್ರೆ ನಾನ್ ಆ ಮನೇಲಿ ಎಂಗ್ ಮೊಕ ತೋರ್ಸ್ಲಿ. ನನ್ ತಲೆ ಮ್ಯಾಲೆ ಕೈ ಮಡ್ಗಿ ಆಣೆ ಇಡು.”

“ನಮ್ಮಲ್ಲಿ ಆಣೆ ಇಡಲ್ಲಮ್ಮ,” ಎಂದಿದ್ದಳು ಪ್ರಮೀಳಾ. “ಹೇಳಲ್ಲ ಅಂದ್ರೆ ಹೇಳಲ್ಲ, ಅಷ್ಟೇ.”

ಎಷ್ಟು ಚೆನ್ನಾಗಿ ಹೇಳಿದ್ದಳು. ತುಮಕೂರಿನ ಮನೆಯಲ್ಲಿ ದೇವರಾಣೆ ಎಂದರೆ ಬೆನ್ನ ಮೇಲೆ ಬೀಳುತ್ತಿತ್ತು. ಆಣೆಯಿಟ್ಟರೆ ನಿನ್ನ ಉಳಿದ ಮಾತೆಲ್ಲ ಸುಳ್ಳು ಎಂದ ಹಾಗೆ ಎಂದು ಅಮ್ಮ ಅನಸೂಯಮ್ಮ ಹೇಳುತ್ತಿದ್ದರು. ಆ ಮುದುಕಿ ಕೇಳಿದ್ದು ತಲೆಯ ಮೇಲೊಂದು ಕೈ. ಇವಳು ಕೊಟ್ಟದ್ದು ತಮ್ಮವರ ಹೆಚ್ಚುಗಾರಿಕೆಯ ಮೇಲೊಂದು ಪುಟ್ಟ ಪಾಠ. ಚಿಕ್ಕತಾಯಮ್ಮ ಒಂದು ಕ್ಷಣ ಅವಳನ್ನು ನೋಡಿ, ಆಯ್ತು ಬುಡು, ನೀನು ಅಂದ್ಮ್ಯಾಕೆ ಆಯ್ತು ಎಂದು ಕೈ ಬಿಟ್ಟಿದ್ದರು. ಆಣೆಯಿಟ್ಟಿದ್ದರೆ ಭಯಕ್ಕಾದರೂ ಬಾಯಿ ಮುಚ್ಚಿಕೊಂಡು ಇರುತ್ತಿದ್ದೆನೇನೋ ಎಂದು ಈಗ ಅನ್ನಿಸುತ್ತದೆ.

ಸಾಕ್ಷಿಯ ಭಾನುವಾರ ಅವಳು ಹೆಸರು ಹೇಳಲಿಲ್ಲ. ನನ್ನ ರಾಜ್ಯದ ಒಬ್ಬ ವೃದ್ಧೆ, ಮಗನ ಮನೆಯಲ್ಲಿ ಹಗಲೆಲ್ಲ ಒಬ್ಬರೇ, ನಾನು ಬುಧವಾರ ಕರೆದೊಯ್ಯುತ್ತೇನೆ ಎಂದಳು. ಕಂಬದ ವಿಷಯ ಹೇಳಿದಳು, ಗೋಡೆಯ ಕಡೆ ತಿರುಗಿದ್ದ ಮುಖದ ವಿಷಯ ಹೇಳಿದಳು, ಪಾದ ತೊಳೆದೆ ಎಂದು ಹೇಳಿ ಅಂದುಕೊಂಡಷ್ಟೇ ಹೊತ್ತು ಸುಮ್ಮನಿದ್ದಳು. ಮುಂದಿನ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು. ಆಗ, ಅತ್ತವರನ್ನು ಸ್ವಲ್ಪ ಹಗುರ ಮಾಡೋಣವೆಂದು, ಪ್ಯಾಂಟಿನ ಮಾತನ್ನೂ ಹೇಳಿಬಿಟ್ಟಳು. ಇಡೀ ಸಭೆ ನಕ್ಕಿತು. ಪ್ರೀತಿಯಿಂದಲೇ ನಕ್ಕಿತು, ಇನ್ನೂರು ಜನ, ಹಲ್ಲು ಬಿಟ್ಟುಕೊಂಡು. ಆ ನಗುವನ್ನು ಕೇಳುತ್ತಾ ನಿಂತಾಗ ಅವಳಿಗೆ ಒಂದು ಕ್ಷಣ ಸಾಕಮ್ಮ ನೆನಪಾದದ್ದು ಸುಳ್ಳಲ್ಲ. ಮನೆ ಗುಡಿಸುತ್ತಿದ್ದ ಸಾಕಮ್ಮನಿಗೆ ಅಮ್ಮ ಪ್ರತಿ ಕ್ರಿಸ್ಮಸ್‌ಗೂ ಹೊಸ ಕಂಬಳಿ ಕೊಡುತ್ತಿದ್ದರು, ಮನೆಯಲ್ಲಲ್ಲ, ಚರ್ಚಿನ ಅಂಗಳದಲ್ಲಿ, ಎಲ್ಲರೂ ಕೇಕು ತಿನ್ನುತ್ತಾ ನಿಂತಿರುವಾಗ ಹೆಸರು ಕೂಗಿ ಕರೆದು. ಸಾಕಮ್ಮ ಕಂಬಳಿ ಇಸಿದುಕೊಂಡು ನೆಲ ನೋಡುತ್ತಾ ಹೋಗುತ್ತಿದ್ದಳು. ಒಂದು ನಗುವೂ ಇಲ್ಲವಲ್ಲ ಈ ಹೆಂಗಸಿಗೆ, ಎಂಥ ಕೃತಘ್ನತೆ ಎಂದು ಹತ್ತು ವರ್ಷದ ಪ್ರಮೀಳಾಗೆ ಸಿಟ್ಟು ಬಂದಿತ್ತು. ಮೈಕಿನ ಮುಂದೆ ಆ ಮುಖ ಬಂದು ಹೋಯಿತು. ಅವಳು ಥ್ಯಾಂಕ್ಯೂ ಎಂದು ಹೇಳಿ ಕೆಳಗಿಳಿದಳು, ಚಪ್ಪಾಳೆ ಬಿತ್ತು.

ಚರ್ಚಿನವರು ಆನ್‌ಲೈನಿನಲ್ಲಿ ಹಾಕಿದ್ದ ಆ ವಿಡಿಯೋವನ್ನು ಮಂಗಳವಾರ ಪೂಜಿತಾ ಕನ್ನಡದವರ ವಾಟ್ಸಾಪ್ ಗುಂಪಿಗೆ ಹಾಕಿದಳು. ಲ್ಯಾಬಿನ ಹುಡುಗಿ, ಅವಳಿಗೆ ಯಾವ ಕೆಟ್ಟ ಉದ್ದೇಶವೂ ಇರಲಿಲ್ಲ. ನಮ್ಮ ಪ್ರಮೀಳಕ್ಕನನ್ನು ನೋಡಿ, ಮನುಷ್ಯತ್ವ ಅಂದ್ರೆ ಇದು ಎಂದು ಬರೆದು ಮುಗಿದ ಕೈಗಳ ಚಿತ್ರ ಹಾಕಿದ್ದಳು. ಪ್ರಮೀಳಾ ಅದನ್ನು ನೋಡಿ ಮೊದಲು ಖುಷಿಪಟ್ಟಳು. ಆ ಖುಷಿಯನ್ನು ಈಗ ಮುಚ್ಚಿಟ್ಟುಕೊಂಡು ಪ್ರಯೋಜನವಿಲ್ಲ. ಫೋನನ್ನು ಅಡುಗೆಮನೆಯ ಕಟ್ಟೆಗೆ ಆನಿಸಿಟ್ಟು, ಸಾರಿಗೆ ಒಗ್ಗರಣೆ ಹಾಕುತ್ತಾ, ಕೆಂಪು ಹೃದಯಗಳು ಒಂದೊಂದಾಗಿ ಬೀಳುವುದನ್ನು ನೋಡುತ್ತಿದ್ದಳು. ಇಪ್ಪತ್ತು, ಮೂವತ್ತು. ಆ ಗುಂಪಿನಲ್ಲಿ ಸುರೇಶನೂ ಅವನ ಹೆಂಡತಿ ತೇಜಶ್ರೀಯೂ ಇದ್ದಾರೆ ಎಂಬುದು ಸಾಸಿವೆ ಸಿಡಿದು ಮುಗಿದ ಮೇಲೆ ತಲೆಗೆ ಬಂತು. ಕರಿಬೇವು ಸೀದು ಕರಕಲಾಯಿತು. ಅಳಿಸು ಎಂದು ಪೂಜಿತಾಗೆ ಫೋನ್ ಮಾಡಿದಳು, ಅವಳು ಅಳಿಸಿದಳು. ಯಾಕಕ್ಕ, ಎಷ್ಟು ಚೆನ್ನಾಗಿ ಮಾತಾಡಿದೀರ ಎಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಜ್ಜಿ ಹೇಳುತ್ತಿದ್ದಳು. ಆ ಕಾಲದಲ್ಲಿ ಮಾತು ಹೋಗುತ್ತಿದ್ದದ್ದು ಬೀದಿಯ ಕೊನೆಯವರೆಗೆ. ಬುಧವಾರ ಬೆಳಿಗ್ಗೆ ತೇಜಶ್ರೀಯ ಮೆಸೇಜು ಬಂತು: ಈ ವಾರ ಅತ್ತೆ ಬರಲ್ಲ ಅಕ್ಕ, ಸ್ವಲ್ಪ ಟಯರ್ಡ್ ಆಗಿದಾರೆ.

ಕೊನೆಗೂ ಇಳಿದು ಬೆಲ್ಲು ಒತ್ತಿದಳು. ಬಾಗಿಲು ತೆಗೆದ ತೇಜಶ್ರೀ, ಬನ್ನಿ ಅಕ್ಕ, ಒಳಗ್ ಬನ್ನಿ ಎಂದು ಎಂದಿಗಿಂತ ಹೆಚ್ಚು ಆದರದಿಂದ ಕರೆದಳು. ಆ ಆದರ ಪ್ರಮೀಳಾಗೆ ಚುಚ್ಚಿತು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಸುರೇಶ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ. ಅವರ ಏಳು ವರ್ಷದ ಮಗಳು ಸಿರಿ ನೆಲದ ಮೇಲೆ ಏನೋ ಬಣ್ಣ ಹಚ್ಚುತ್ತಿತ್ತು. ಕಿಟಕಿಯ ಪಕ್ಕ ಚಿಕ್ಕತಾಯಮ್ಮನ ಕುರ್ಚಿ. ಅದರ ಮೇಲೆ ಆಸ್ಪತ್ರೆಯಲ್ಲಿ ಹಾಸಿಗೆ ಒದ್ದೆಯಾಗದಂತೆ ಹಾಸುವಂಥ ನೀಲಿ ಹಾಸು, ನೀಟಾಗಿ, ನಾಲ್ಕೂ ಮೂಲೆ ಸರಿಯಾಗಿ ಹಾಸಿತ್ತು. ಸೋಫಾದ ಒಂದು ತುದಿಯಲ್ಲೂ ಅಂಥದೇ ಇನ್ನೊಂದು. ಪ್ರಮೀಳಾಳ ಕಣ್ಣು ಅಲ್ಲಿ ನಿಂತದ್ದನ್ನು ತೇಜಶ್ರೀ ಕಂಡಳು.

“ಅತ್ತೆಗೆ ಟೆನ್ಷನ್ ಇಲ್ದೆ ಆರಾಮಾಗಿ ಕೂತ್ಕೊಳ್ಳಕ್ಕಾಗ್ಲಿ ಅಂತ ಅಕ್ಕ,” ಎಂದಳು ಮೆಲ್ಲಗೆ. ಆ ದನಿಯಲ್ಲಿ ಕಪಟವಿರಲಿಲ್ಲ. ಅವಳೂ ದಯೆಯನ್ನೇ ಮಾಡುತ್ತಿದ್ದಳು.

“ಅಜ್ಜಿ ವೋಂಟ್ ಸಿಟ್ ಆನ್ ಇಟ್,” ಎಂದಿತು ಸಿರಿ, ತಲೆಯೆತ್ತದೆ. “ಶಿ ಜಸ್ಟ್ ಸ್ಟ್ಯಾಂಡ್ಸ್.”

ಚಿಕ್ಕತಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಒಗೆದ ಸೀರೆ, ಬಿಗಿಯಾಗಿ ಬಾಚಿದ ತಲೆ, ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು, ನೆಂಟರ ಮನೆಗೆ ಹೊರಟವರ ಹಾಗೆ. ಬಾ ಕಣವ್ವ ಎಂದರು. ಕೂತ್ಕೊ ಎಂದರು. ಪ್ರಮೀಳಾ ಸೋಫಾದ ಈ ತುದಿಯಲ್ಲಿ ಕೂತಳು. ಕೂತ ಮೇಲೆ ತಾನು ಕೂತಿರುವುದೂ ಅವರು ನಿಂತಿರುವುದೂ ಅನುಚಿತವೆನಿಸಿ ಏಳಹೋದಳು; ಅಷ್ಟರಲ್ಲಿ ಸುರೇಶ ಮಾತಾಡಲು ಶುರುಮಾಡಿದ್ದ. ಬೇಜಾರಿನ ದನಿಯಲ್ಲಿ, ಅಕ್ಕ, ಜಗಳಕ್ಕೆ ಕೇಳ್ತಿಲ್ಲ ಎಂದು ಎರಡು ಸಲ ಹೇಳಿದ. ನಾಲ್ಕು ಜನ ಫೋನ್ ಮಾಡಿದ್ದಾರೆ, ಅಮ್ಮ ಹುಷಾರಾ ಎಂದು ಕೇಳುತ್ತಿದ್ದಾರೆ. ಕಾಯಿಲೆಯಾದರೆ ಡಾಕ್ಟರಿಗೆ ತೋರಿಸಬೇಕಲ್ಲ.

“ಅವ್ವನ್ನ ಕೇಳಿದ್ರೆ ಅದು ನಾನಲ್ಲ, ಬೇರೆ ಯಾರೋ ಮುದುಕಿ ಅಂತಾಳೆ. ನೀವೇ ಹೇಳಿ ಅಕ್ಕ. ಅದು ನಮ್ಮವ್ವನಾ?”

ಪ್ರಮೀಳಾ ತಲೆಯೆತ್ತಿದಳು. ಚಿಕ್ಕತಾಯಮ್ಮ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬಾಗಿಲು ಇದೋ ಅದೋ ಎಂದು ತಿಳಿದವರನ್ನು ಕೇಳುವ ಹಾಗೆ ನೆಟ್ಟ ನೋಟ. ಅಲ್ಲ ಎಂದರೆ ಮುಗಿಯಿತು. ಎರಡಕ್ಷರ. ಕ್ಷಮೆ ಕೇಳಲೆಂದು ಬಂದವಳಿಗೆ ಕ್ಷಮೆಗಿಂತ ದೊಡ್ಡದನ್ನು ಕೊಡುವ ಅವಕಾಶ ಅಂಗೈಗೆ ಬಂದು ಕೂತಿತ್ತು. ಆದರೆ ಸುಳ್ಳು? ವಿಡಿಯೋದಲ್ಲಿ ಮಳವಳ್ಳಿ ಎಂದಿದ್ದೆನೇ, ಬರೀ ಕರ್ನಾಟಕ ಎಂದಿದ್ದೆನೇ? ಸಿಕ್ಕಿಬಿದ್ದರೆ? ಇವರಿಗೆ ನಿಜವಾಗಿ ಕಾಯಿಲೆಯಿದ್ದು, ನನ್ನ ಸುಳ್ಳಿನಿಂದ ಡಾಕ್ಟರಿಗೆ ತೋರಿಸದೆ ಹೋದರೆ? ಅದೂ ಒಂದು ಪಾಪವಲ್ಲವೇ? ಎಲ್ಲವೂ ಮರ್ಯಾದಸ್ಥ ಪ್ರಶ್ನೆಗಳೇ. ಅವುಗಳ ನಡುವೆ, ಯಾವ ನಾಚಿಕೆಯೂ ಇಲ್ಲದೆ, ಇನ್ನೊಂದು ವಾಕ್ಯ ಇಂಗ್ಲಿಷಿನಲ್ಲಿ ತಾನಾಗಿ ಜೋಡಿಸಿಕೊಳ್ಳುತ್ತಿತ್ತು: ಆ ಕ್ಷಣದಲ್ಲಿ ನಾನು ನಿಜವನ್ನೇ ಒಪ್ಪಿಕೊಳ್ಳಲು ನಿರ್ಧರಿಸಿದೆ. ಅದನ್ನು ಕೇಳಿಸಿಕೊಂಡಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ಅಲ್ಲ,” ಎಂದಳು. “ಅಲ್ಲ ಸುರೇಶ್. ಅದು ಬೇರೆಯವರು. ಲಿನ್‌ವುಡ್‌ನಲ್ಲಿ ಇದಾರೆ, ನಿಮಗೆ ಗೊತ್ತಿಲ್ಲ.”

ಚೆನ್ನಾಗಿಯೇ ಹೇಳಿದಳು. ಆದರೆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಸಿರಿ ಒಂದು ಬಣ್ಣದ ಕಡ್ಡಿ ಕೆಳಗಿಟ್ಟು, ಡಬ್ಬಿಯಲ್ಲಿ ಹುಡುಕಿ, ಇನ್ನೊಂದನ್ನು ಎತ್ತಿಕೊಂಡಿತ್ತು. ಸುರೇಶ ಅವಳ ಮುಖ ನೋಡಲಿಲ್ಲ. ನೆಲ ನೋಡುತ್ತಾ, ಓಕೆ ಅಕ್ಕ, ಸರಿ, ಕೇಳಿದೆ ಅಷ್ಟೇ ಎಂದ. ಅವನ ಕಿವಿ ಕೆಂಪಾಗಿತ್ತು. ತೇಜಶ್ರೀ ಕಾಫಿ ಎನ್ನುತ್ತಾ ಎದ್ದು ಹೋದಳು. ಯಾರೂ ಹಾಸನ್ನು ತೆಗೆಯಲಿಲ್ಲ. ಚಿಕ್ಕತಾಯಮ್ಮ ಒಂದು ಸಲ ಕುರ್ಚಿಯ ಕಡೆ ನೋಡಿ, ಸೆರಗನ್ನು ಇನ್ನೂ ಸ್ವಲ್ಪ ಬಿಗಿಯಾಗಿ ಎಳೆದುಕೊಂಡರು. ಕಾಫಿ ಬಂತು, ಕುಡಿದಾಯಿತು. ಈ ಸಲ ಚಳಿ ಇನ್ನೂ ಹೋಗಿಲ್ಲ ಎಂಬ ಮಾತಾಯಿತು, ಲ್ಯಾಬಿನಲ್ಲಿ ಆಡಿಟ್ ಎಂಬ ಮಾತಾಯಿತು. ಮಗ ಹೇಳಿದ, ಸೊಸೆ ಹೇಳಿದಳು, ಕೂತ್ಕೊಳ್ಳಿ ಎಂದು ಪ್ರಮೀಳಾಳೂ ಒಂದು ಸಲ ಹೇಳಿದಳು. ಅವರು ಕೂರಲಿಲ್ಲ. ಕಾಲು ನೋಯಕಿಲ್ಲ ಬುಡಿ ಎನ್ನುತ್ತಾ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತೇ ಕಾಫಿ ಕುಡಿದರು.

ಹೊರಟಾಗ ಬಾಗಿಲವರೆಗೆ ಅವರೊಬ್ಬರೇ ಬಂದರು. ಹೊರಗೆ ಸಣ್ಣಗೆ ಹನಿಯುತ್ತಿತ್ತು. ಈಗ ಹೇಳಬೇಕಾದ್ದನ್ನು ಹೇಳಿದರೆ ಅದೂ ತನ್ನ ಹಗುರಕ್ಕೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. ತಪ್ಪಾಯ್ತಮ್ಮ ಎಂದಳು. ‘ಅಲ್ಲ’ ಅಂತ ಬೇಗ ಹೇಳಬೇಕಿತ್ತು, ಹೇಳಲಿಲ್ಲ ಎಂದಳು. ಯಾವುದಕ್ಕೆ ಕ್ಷಮೆ ಕೇಳುತ್ತಿದ್ದೇನೆ, ಆ ಭಾನುವಾರಕ್ಕೋ ಈ ಗಳಿಗೆಗೋ ಎನ್ನುವುದು ಅವಳಿಗೇ ಗೊತ್ತಾಗಲಿಲ್ಲ. ಅಳು ಬಂತು, ತಡೆದುಕೊಂಡಳು. ಅಳುವ ಹಕ್ಕು ಈ ಹೊಸ್ತಿಲಲ್ಲಿ ತನಗಿಲ್ಲ ಎನ್ನುವಷ್ಟು ಬುದ್ಧಿ ಆ ಹೊತ್ತಿಗಾದರೂ ಇತ್ತು.

ಚಿಕ್ಕತಾಯಮ್ಮ ಅವಳನ್ನು ನೋಡಿದರು. ಬೇಸರದ ಮುಖವಲ್ಲ ಅದು. ಯಾವುದೋ ಲೆಕ್ಕ ತಮಗೀಗ ಅರ್ಥವಾಯಿತು ಎನ್ನುವವರ ಮುಖ.

“ನೀನು ಒಳ್ಳೇಳೇ ಕಣವ್ವ,” ಎಂದರು. “ಕೆಟ್ಟೋಳಾಗಿದ್ರೆ ಯಾರ್ಗೂ ಯೋಳ್ತಿರ್ನಿಲ್ಲ.”

ಬುಧವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಪ್ರಮೀಳಾ ತಿರುಗಿದಳು. ಅವಳು ಮೆಟ್ಟಿಲಿಗೆ ಕಾಲಿಡುವಾಗ ಹಿಂದಿನಿಂದ, ಒಳಗಿನವರಿಗೆ ಕೇಳದಷ್ಟು ಮೆಲ್ಲಗೆ, ಚಿಕ್ಕತಾಯಮ್ಮ ಮತ್ತೊಂದು ಮಾತು ಹೇಳಿದರು.

“ಮೆಟ್ಲು ಜಾರ್ತದೆ. ನೋಡ್ಕಂಡ್ ಓಗು.”